ಇಲಿ ನಿಮ್ಮದೋ, ನಮ್ಮದೋ?

ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯಲ್ಲಿ ಒಂದು ಕಾರಿನ ಶೋರೂಮು, ಅದರ ಬೆನ್ನಿಗೆ ವರ್ಕ್‌ಶಾಪು. ಆ ವರ್ಕ್‌ಶಾಪಿನ ಮೂಲೆಯ ಗಾಜಿನ ಕೋಣೆಯಲ್ಲಿ ಕೂತು ನಾನು ಫೋನು ಮಾಡುತ್ತಿದ್ದೆ. ನನ್ನ ನೌಕರಿ ಇಷ್ಟೇ: ರಿಪೇರಿಯಾಗಿ ಮನೆಗೆ ಹೋದ ಗಾಡಿಯ ಮಾಲೀಕರಿಗೆ ಮೂರನೇ ದಿನ ಫೋನು ಹಚ್ಚಿ, "ನಮಸ್ಕಾರ್ರಿ, ಗಾಡಿ ಹೆಂಗ ನಡದೈತ್ರಿ?" ಎಂದು ಕೇಳುವುದು. ನಿವೃತ್ತಿಯಾಗುವವರೆಗೂ ಇದನ್ನೇ ಕೇಳಿದೆ. ಈಗ ಯಾರಾದರೂ ಹುಷಾರಿಲ್ಲದವರನ್ನು ನೋಡಲು ಹೋದರೂ ನಾಲಿಗೆಯ ತುದಿಗೆ ಮೊದಲು ಗಾಡಿಯೇ ಬರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಬಳಗದವರು ನನ್ನನ್ನು ಕಂಡಾಗಲೆಲ್ಲ, "ಎಸಿಯಾಗ ಕುಂತು ಮಾತಾಡೂದಕ್ಕ ಪಗಾರ ಕೊಡ್ತಾರಲ್ಲ ಸುರೇಖಾ, ಪುಣ್ಯಾ ಮಾಡೀ ಬಿಡ" ಎನ್ನುತ್ತಿದ್ದರು. ಸೌಜನ್ಯದಿಂದ "ಹೆಂಗೈತ್ರಿ" ಎಂದು ಕೇಳಿದ ತಪ್ಪಿಗೆ ನಾನು ತಿಂದ ಬೈಗುಳ ಅವರಿಗೇನು ಗೊತ್ತು! ಕನ್ನಡದಲ್ಲಿ ತಿಂದೆ, ಮರಾಠಿಯಲ್ಲಿ ತಿಂದೆ, ಸಿಟ್ಟು ಹೆಚ್ಚಾದಾಗ ಎರಡನ್ನೂ ಕಲಸಿ ಬಡಿಸಿದವರಿದ್ದರು.

ಬೈಗುಳದ ಮೊದಲ ಸಾಲು ಮಾತ್ರ ಯಾವಾಗಲೂ ಒಂದೇ. "ನಿಮ್ಮಲ್ಲಿ ಬರೂಕಿಂತ ಮೊದಲ ಗಾಡಿ ಚೊಲೊ ಇತ್ತು." ಚೊಲೊ ಇದ್ದ ಗಾಡಿಯನ್ನು ನಮ್ಮಲ್ಲಿಗೆ ಯಾಕೆ ತಂದಿದ್ದಿರಿ ಎಂದು ಕೇಳಬೇಡಿ. ನಾನು ಹೊಸದರಲ್ಲಿ ಒಮ್ಮೆ ಕೇಳಿಬಿಟ್ಟೆ, ಅವರು ನೇರವಾಗಿ ಶೋರೂಮಿನ ಮಾಲೀಕರಾದ ನಮ್ಮ ಶೇಠರಿಗೇ ಫೋನು ಹಚ್ಚಿದರು. ಅಂದಿನಿಂದ "ಹೌದ್ರಿ, ಖರೇ ಐತ್ರಿ, ಈಗ ಏನ ತಕರಾರ ಐತಿ ಹೇಳ್ರಿ" ಎನ್ನುವುದನ್ನು ಕಲಿತೆ.

ತಕರಾರುಗಳಲ್ಲೂ ಜಾತಿಗಳಿವೆ. ಅಥಣಿಯ ಒಬ್ಬ ಬೆಲ್ಲದ ವ್ಯಾಪಾರಿಯ ಗಾಡಿಗೆ ಸೈಲೆನ್ಸರ್ ತೂತಾಗಿತ್ತು. ಊರಿಗೆಲ್ಲ ಕೇಳುವಂತೆ ಸದ್ದು ಮಾಡುತ್ತ ಬಂತು, ಹೊಸ ಸೈಲೆನ್ಸರ್ ಹಾಕಿ ಕಳಿಸಿದೆವು. ಮೂರನೇ ದಿನ ಫೋನಿನಲ್ಲಿ ಅವರು, "ಬಾಗಲಾ ಕಟಕಟ ಅಂತೈತಿ, ಡ್ಯಾಶ್‌ಬೋರ್ಡ್ ಕಿರ್ರ ಅಂತೈತಿ, ಹಿಂದಿನ ಸೀಟಿನಾಗ ಯಾರೋ ಕುಂತು ಹಲ್ಲ ಕಡದಂಗ ಕೇಳ್ತೈತಿ, ಇದೆಲ್ಲಾ ಮೊದಲ ಇದ್ದಿಲ್ಲ" ಎಂದು ರಾಗ ತೆಗೆದರು. ಎಲ್ಲವೂ ಮೊದಲೇ ಇತ್ತು, ದೊಡ್ಡ ಸದ್ದಿನ ಅಡಿಯಲ್ಲಿ ಸಣ್ಣವು ಕೇಳುತ್ತಿರಲಿಲ್ಲ ಅಷ್ಟೇ. ಅದನ್ನು ತಿಳಿಸಿ ಹೇಳಿದರೆ ಅವರು, "ಹಂಗಾರ ಹಳೇ ಸೈಲೆನ್ಸರ ಹಾಕಿ ಕೊಡ್ರಿ, ಆರಾಮ ಇದ್ದೆ" ಎಂದರು.

ರಾಯಬಾಗದ ಒಬ್ಬ ಮಾಸ್ತರರದು ಇನ್ನೊಂದು ಬಗೆ. ಬ್ರೇಕ್ ಕೆಲಸಕ್ಕೆ ಬಿಟ್ಟಿದ್ದ ಗಾಡಿ ತಿರುಗಿ ಹೋದ ಮೇಲೆ ಕುಳ್ಳಗಾಗಿದೆ ಎಂದು ವಾದ. ನಮ್ಮ ಮೆಕ್ಯಾನಿಕ್ ಉದ್ದಕಾಲಿನವನು, ಓಡಿಸಿ ನೋಡುವಾಗ ಸೀಟನ್ನು ಹಿಂದೆ ಸರಿಸಿ ಕೆಳಗೆ ಇಳಿಸಿದ್ದ, ಮತ್ತೆ ಏರಿಸಲು ಮರೆತಿದ್ದ. ಮಾಸ್ತರರು ಮೂರು ದಿನ ಸ್ಟಿಯರಿಂಗಿನ ನಡುವಿನ ಕಿಂಡಿಯಿಂದ ರಸ್ತೆ ನೋಡುತ್ತ ಶಾಲೆಗೆ ಹೋಗಿ ಬಂದಿದ್ದರು. ನನಗೆ ನಗು ತಡೆಯಲಾಗದೆ ಫೋನಿನ ಮೇಲೆ ಕೈ ಮುಚ್ಚಿಕೊಂಡೆ.

ಹಾಗೆಂದು ಎಲ್ಲ ತಪ್ಪೂ ಗಿರಾಕಿಗಳದು ಎಂದುಕೊಳ್ಳಬೇಡಿ. ಕಾಗವಾಡದ ಡಾಕ್ಟರೊಬ್ಬರ ಗಾಡಿಯಲ್ಲಿ ನಮ್ಮವರು ಕೈ ಒರೆಸುವ ಬಟ್ಟೆಯನ್ನು ಬಾನೆಟ್ಟಿನೊಳಗೇ ಬಿಟ್ಟಿದ್ದರು. ಅದು ಬಿಸಿಗೆ ಕಮರಿ ವಾಸನೆ ಹೊಡೆದು, ಡಾಕ್ಟರು ನಡುರಸ್ತೆಯಲ್ಲಿ ಗಾಡಿ ಬಿಟ್ಟು ಇಳಿದು ಓಡಿದ್ದರು. "ನಾ ಪೇಷಂಟಿನ ಹೊಟ್ಯಾಗ ಬಟ್ಟಿ ಬಿಟ್ಟು ಹೊಲದ್ರ ಜನಾ ನನ್ನ ಊರ ಬಿಡಸ್ತಾರ. ನಿಮಗ ಯಾರ್ರೀ ಕೇಳಾವ್ರು?" ಎಂದರು. ಗಿರಾಕಿ ಸುಳ್ಳು ಹೇಳುತ್ತಾನೆ ಎಂದು ಮೊದಲೇ ನಿರ್ಧರಿಸಿ ಫೋನು ಎತ್ತಬೇಡಿ ಎನ್ನುವುದು ಇದಕ್ಕೇ.

ಮೊದಮೊದಲು ಗಿರಾಕಿ ಹೇಳಿದ್ದನ್ನು ಕೇಳಿ ವರ್ಕ್‌ಶಾಪಿಗೆ ಹೋಗಿ ಹೇಳಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಆಮೇಲೆ ಕಂಪನಿಯವರು ಅಂಕದ ಪದ್ಧತಿ ತಂದರು. ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಬೇಕು, ಒಂಬತ್ತಕ್ಕಿಂತ ಕಡಿಮೆ ಬಂದರೆ ನಾಪಾಸು. ನಮ್ಮ ಜನಕ್ಕೆ ಇದು ಹೇಗೆ ತಿಳಿಯಬೇಕು? ಯಡೂರಿನ ಒಬ್ಬ ಅಜ್ಜ ಬಹಳ ಖುಷಿಯಿಂದ, "ಕೆಲಸಾ ಭಾರೀ ಮಾಡೀರವಾ, ಆರು ಬರ್ಕೋ" ಎಂದರು. ಇನ್ನೂ ಸ್ವಲ್ಪ ಹೆಚ್ಚು ಕೊಡಿ ಅಜ್ಜಾ ಎಂದರೆ, "ನನ್ನ ಮಗಾ ಮ್ಯಾಟ್ರಿಕ್‌ದಾಗ ಇದಕ್ಕಿಂತ ಕಮ್ಮಿ ತಗೊಂಡಿದ್ದ, ಅಂವಗ ಪೇಡೆ ಹಂಚೀವಿ" ಎಂದು ಫೋನಿಟ್ಟರು. ಆ ಆರಕ್ಕೆ ನಮ್ಮ ಮ್ಯಾನೇಜರು ಮೇಲಿನವರ ಹತ್ತಿರ ಮಾತು ಕೇಳಿಸಿಕೊಂಡರು.

ಮ್ಯಾನೇಜರು ಎಂದೆನಲ್ಲ, ನನ್ನ ಕಾಲದಲ್ಲಿ ಬಹಳ ಜನ ಬಂದು ಹೋದರು. ನಾನು ಹೇಳಬೇಕೆಂದಿರುವ ಪ್ರಕರಣದ ಹೊತ್ತಿಗೆ ಪುಣೆಯ ಕಡೆಯಿಂದ ಬಂದ ಜೋಶಿ ಸಾಹೇಬರಿದ್ದರು. ಕೆಟ್ಟ ಮನುಷ್ಯರಲ್ಲ, ಆದರೆ ಮೇಲಿನವರಿಗೆ ಬಹಳ ಹೆದರುತ್ತಿದ್ದರು. ಒಂದೇ ಗಾಡಿ ಒಬ್ಬನೇ ಮೆಕ್ಯಾನಿಕನ ಕೆಲಸದ ಮೇಲೆ ಮೂರು ಸಲ ತಿರುಗಿ ಬಂದರೆ ಆ ಮೆಕ್ಯಾನಿಕನನ್ನು ತೆಗೆಯಬೇಕು ಎಂಬ ಹೊಸ ನಿಯಮವನ್ನು ಅವರು ಗೋಡೆಗೆ ಅಂಟಿಸಿದ್ದರು. ಆ ನಿಯಮದ ಬಾಯಿಗೆ ಸಿಕ್ಕವನು ದಸ್ತಗೀರ.

ದಸ್ತಗೀರ ಕುಡಚಿಯವನು. ವರ್ಕ್‌ಶಾಪಿಗೆ ತಗಡು ಹೊದಿಸುವ ಮೊದಲೇ ಸೇರಿದ್ದವನು. ಗೇರ್‌ಬಾಕ್ಸ್, ಕ್ಲಚ್ಚಿನ ಕೆಲಸವೆಂದರೆ ಅವನ ಕೈಗೇ ಹೋಗುತ್ತಿತ್ತು. ಮಾತು ಕಡಿಮೆ, ಚಹಾ ಹೆಚ್ಚು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ದೊಡ್ಡವನಾದರೂ ನನ್ನನ್ನು "ಅಕ್ಕಾರ" ಎನ್ನುತ್ತಿದ್ದ, ನಾನು ಅವನನ್ನು "ದಸ್ತಗೀರಣ್ಣ" ಎನ್ನುತ್ತಿದ್ದೆ. ಹೀಗೆ ಒಬ್ಬರಿಗೊಬ್ಬರು ದೊಡ್ಡವರಾಗಿ ಎಷ್ಟೋ ವರ್ಷ ಕಳೆದಿದ್ದೆವು.

ಬೇಡಕಿಹಾಳದ ನೇಮಗೌಡರ ಕಾರು ಕ್ಲಚ್ ಬದಲಿಸಲು ಬಂತು. ನೇಮಗೌಡರು ಕಬ್ಬು ಬೆಳೆಯುವ ಜೈನ ರೈತರು. ಅವರ ಮನೆಯಲ್ಲಿ ಕತ್ತಲಾದ ಮೇಲೆ ಒಲೆ ಹೊತ್ತಿಸುವುದಿಲ್ಲ, ಇರುವೆ ಕಂಡರೆ ಕಾಲು ಎತ್ತಿ ಇಡುತ್ತಾರೆ. ದಸ್ತಗೀರ ಕ್ಲಚ್ ಹಾಕಿ ಕೊಟ್ಟ. ಮೂರನೇ ದಿನ ನಾನು ಫೋನು ಮಾಡಿದಾಗ ಗೌಡರು ಹೇಳಿದರು:

"ಕ್ಲಚ್ ಬೆಣ್ಣಿ ಆಗೇತ್ರಿ. ಆದ್ರ ಹಾರ್ನ್ ಬಂದ್ ಬಿದ್ದೈತಿ. ನಿಮ್ಮಲ್ಲಿ ಬರೂಕಿಂತ ಮೊದಲ ಚೊಲೊ ಇತ್ತು."

ಗಾಡಿ ಬಂತು. ದಸ್ತಗೀರ ನೋಡಿದ, ಹಾರ್ನಿನ ವೈರು ತುಂಡಾಗಿತ್ತು, ಇಲಿ ಕಡಿದ ಗುರುತಿತ್ತು. ಜೋಡಿಸಿ ಕಳಿಸಿದ. ಒಂದು ವಾರ ಕಳೆಯುವುದರೊಳಗೆ ಇಂಜಿನ್ ದೀಪ ಹೊತ್ತಿಕೊಂಡಿತು. ಮತ್ತೆ ವೈರು, ಮತ್ತೆ ಹಲ್ಲಿನ ಗುರುತು. ಅದನ್ನು ಸರಿಮಾಡಿ ಕೊಟ್ಟರೆ ಆಮೇಲೆ ವೈಪರ್ ನಿಂತಿತು. ಮೂರನೇ ಸಲ ಗೌಡರು ತಾವೇ ಬಂದು ಜೋಶಿ ಸಾಹೇಬರ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಗಾಜಿನ ಈಚೆಗೂ ಎಲ್ಲ ಕೇಳಿಸುತ್ತಿತ್ತು.

"ಇಲಿ ಅಂತ ಹೇಳ್ತಾನ ನಿಮ್ಮ ಮಿಸ್ತ್ರಿ. ಹೂಂ, ಇಲಿ. ನಮ್ಮ ಮನ್ಯಾಗ ಇಲಿ ಅದಾವ, ನಾ ಇಲ್ಲ ಅನ್ನಂಗಿಲ್ಲ. ನಾವು ಇಲಿಗೆ ವಿಷಾ ಇಡಾವ್ರಲ್ಲ, ಬೋನ ಇಡಾವ್ರಲ್ಲ. ಆದ್ರ ಇಷ್ಟ ವರ್ಷ ಅದ ಇಲಿ, ಅದ ಗಾಡಿ, ಅದ ಅಂಗಳ. ಒಂದ ವೈರ ಮುಟ್ಟಿಲ್ಲ. ನಿಮ್ಮಲ್ಲಿ ಬಂದು ಹೋದ ಕೂಡ್ಲೆ ಕಡಿಯಾಕತ್ತಾವ. ಅಂದ್ರ ಇವು ನಮ್ಮ ಇಲಿ ಅಲ್ಲ. ನಿಮ್ಮವು."

"ಗೌಡ್ರ, ಇಲಿಗೆ ನಮ್ದು ನಿಮ್ದು ಅಂತ ಇರ್ತೈತೇನ್ರಿ?" ಎಂದರು ಜೋಶಿ ಸಾಹೇಬರು.

"ಯಾಕ ಇರಂಗಿಲ್ಲ? ನಮ್ಮ ಇಲಿಗೆ ನಮ್ಮ ಗೋದಿ ಸಾಲ್ತೈತಿ. ವೈರ ತಿನ್ನೂ ಚಟಾ ಗ್ಯಾರೇಜಿನ ಇಲಿಗೇ ಇರಬೇಕು."

ಕೇಳಿದರೆ ನಗು ಬರುತ್ತದೆ, ಆದರೆ ಅವರ ಲೆಕ್ಕದಲ್ಲಿ ತಪ್ಪೇನಿತ್ತು? ಇಷ್ಟು ವರ್ಷ ಇಲ್ಲದ್ದು ಈಗಲೇ ಯಾಕೆ? ಈ ಒಂದು ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಉತ್ತರವಿಲ್ಲದ ಕಡೆ ಜನ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಾರೆ. ದಸ್ತಗೀರ ಕ್ಲಚ್ ಬಿಚ್ಚುವಾಗ ವೈರುಗಳನ್ನು ಹೇಗೆಂದರೆ ಹಾಗೆ ಎಳೆದಿದ್ದಾನೆ, ಈಗ ಇಲಿಯ ಹೆಸರು ಹೇಳುತ್ತಿದ್ದಾನೆ ಎಂದು ಜೋಶಿ ಸಾಹೇಬರು ತೀರ್ಮಾನಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಶನಿವಾರ ಗೌಡರು ಗಾಡಿ ಒಯ್ಯಲು ಬಂದಾಗ ಅವರ ಎದುರಿಗೇ ಲೆಕ್ಕ ಮುಗಿಸುತ್ತೇನೆ, ಅಲ್ಲಿಯವರೆಗೆ ನೀನು ಯಾವ ಇಂಜಿನ್ನಿಗೂ ಕೈ ಹಚ್ಚಬೇಡ ಎಂದು ಹೇಳಿ, ದಸ್ತಗೀರನನ್ನು ಗಾಡಿ ತೊಳೆಯುವ ಕಡೆ ಹಾಕಿದರು.

ಅಂದು ಮಧ್ಯಾಹ್ನ ನಾನು ಗಾಜಿನ ಆಚೆ ನೋಡಿದರೆ ದಸ್ತಗೀರ ಪೈಪು ಹಿಡಿದು ಯಾರದೋ ಗಾಡಿಯ ಗಾಲಿಯ ಕೆಸರು ತೊಳೆಯುತ್ತಿದ್ದ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡಿದ್ದ. ಅವನ ಕೈ ಕೆಳಗೆ ಕೆಲಸ ಕಲಿತವರೆಲ್ಲ ಆ ಕಡೆ ನೋಡದೆ ಓಡಾಡುತ್ತಿದ್ದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆ ವಯಸ್ಸಿಗೆ ಅವನನ್ನು ಬೇರೆ ಯಾವ ಶೋರೂಮಿನವರು ತೆಗೆದುಕೊಳ್ಳುತ್ತಾರೆ? ಕೈ ಕೆಡಿಸಿಕೊಂಡವನು ಎಂಬ ಹೆಸರು ಹೊತ್ತು ಹೋದರೆ ರಸ್ತೆ ಬದಿಯ ಗ್ಯಾರೇಜಿನವರೂ ಹಿಂದೆ ಮುಂದೆ ನೋಡುತ್ತಾರೆ.

ಮರುದಿನ ಗೌಡರ ಮನೆಗೆ ಫೋನು ಹಚ್ಚಿದೆ. ಗಾಡಿ ಶನಿವಾರ ಸಿದ್ಧವಿರುತ್ತದೆ ಎಂದು ಹೇಳುವುದಿತ್ತು. ಗೌಡರು ಬಸದಿಗೆ ಹೋಗಿದ್ದರು, ಫೋನು ಎತ್ತಿದವರು ಅವರ ಹೆಂಡತಿ ತ್ರಿಶಲಾ. ಹೇಳುವುದನ್ನು ಹೇಳಿ ಇಡಬೇಕು ಎನ್ನುವಷ್ಟರಲ್ಲಿ ಅವರು ದನಿ ಇಳಿಸಿ ಕೇಳಿದರು:

"ಅಕ್ಕಾ, ಒಂದ ಮಾತ ಕೇಳ್ಲೇನ? ನಮ್ಮ ಗಾಡ್ಯಾಗ ಬ್ಯಾಟ್ರಿ ಹಿಂದ ಒಂದ ಅರಿವಿ ಗಂಟ ಕಟ್ಟಿದ್ದೆ. ಅದನ್ನ ನಿಮ್ಮವ್ರು ಏನ ಮಾಡ್ಯಾರ?"

"ಎಂಥಾ ಗಂಟ ವೈನಿ?"

ಆ ಕಡೆ ಬಾಗಿಲು ಹಾಕಿದ ಸದ್ದು ಕೇಳಿಸಿತು. ತ್ರಿಶಲಾ ಎಲ್ಲ ಹೇಳಿದರು.

ಹಿಂದೆ ಗೌಡರು ಊರಿನ ಎಲ್ಲರಂತೆ ತಂಬಾಕು ಬೆಳೆಯುತ್ತಿದ್ದರಂತೆ. ಒಂದು ಚಾತುರ್ಮಾಸದಲ್ಲಿ ಊರಿಗೆ ಬಂದ ಮುನಿಗಳ ಎದುರು ನೇಮ ಹಿಡಿದರು: ಇನ್ನು ಮೇಲೆ ತಂಬಾಕು ಬೆಳೆಯುವುದಿಲ್ಲ, ಮಾರುವುದಿಲ್ಲ, ತಮ್ಮದೆನ್ನುವ ಜಾಗದಲ್ಲಿ ಒಂದು ಎಲೆಯನ್ನೂ ಇಟ್ಟುಕೊಳ್ಳುವುದಿಲ್ಲ. ಅಂದಿನಿಂದ ಹಾಗೆಯೇ ನಡೆದಿದ್ದರು. ಆದರೆ ಕಾರು ಕೊಂಡಾಗ ತ್ರಿಶಲಾರಿಗೆ ಇಲಿಯ ಚಿಂತೆ ಹತ್ತಿತು. ಕೊಲ್ಲುವಂತಿಲ್ಲ, ಬಿಟ್ಟರೆ ವೈರು ಉಳಿಯುವುದಿಲ್ಲ. ತಂಬಾಕಿನ ವಾಸನೆಗೆ ಇಲಿ ಹತ್ತಿರ ಸುಳಿಯುವುದಿಲ್ಲ ಎನ್ನುವುದು ನಿಪ್ಪಾಣಿ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ತವರಿನಿಂದ ಅಣ್ಣನ ಕೈಯಲ್ಲಿ ನಾಲ್ಕು ಎಲೆ ತರಿಸಿ, ಅರಿವೆಯಲ್ಲಿ ಸುತ್ತಿ, ಅರಿಷಿಣದ ದಾರದಿಂದ ಬಿಗಿದು, ಗಂಡ ಇಲ್ಲದ ಹೊತ್ತು ನೋಡಿ ಬಾನೆಟ್ಟಿನೊಳಗೆ ಕಟ್ಟಿದ್ದರು. ವರ್ಷಕ್ಕೊಮ್ಮೆ ಎಲೆ ಬದಲಿಸುತ್ತಿದ್ದರು.

"ಅವ್ರಿಗೆ ಗೊತ್ತಿಲ್ಲಕ್ಕ. ಗೊತ್ತಾದ್ರ ಅವ್ರ ನೇಮಾ ನಾನ ಮುರದಂಗ ಆಗ್ತೈತಿ. ನೀ ಯಾರ ಮುಂದೂ ಹೇಳಬ್ಯಾಡ, ನಿನ್ನ ಕೈ ಮುಗಿತೀನಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಫೋನಿಟ್ಟು ನೇರವಾಗಿ ತೊಳೆಯುವ ಕಡೆ ಹೋದೆ.

"ದಸ್ತಗೀರಣ್ಣ, ಗೌಡ್ರ ಗಾಡ್ಯಾಗ ಒಂದ ಗಂಟ ಇತ್ತಂತಲ್ಲ, ಎಲ್ಲೈತಿ?"

ಅವನು ಪೈಪು ಕೆಳಗಿಟ್ಟ. "ದೇವ್ರ ಗಂಟೇನ್ರಿ? ಕ್ಲಚ್ ಇಳಿಸೂಮುಂದ ಬ್ಯಾಟ್ರಿ ತಗೀಬೇಕಲ್ರಿ, ಆಗ ಸಿಕ್ತು. ಅರಿಷಿಣ ದಾರಾ ಕಟ್ಟಿದ್ರು. ಯಾವುದೋ ಗುಡಿದು ಇರಬೇಕು, ಗ್ರೀಸ್ ಕೈಲೆ ಮುಟ್ಟಬಾರದಂತ ಕೈ ತೊಳ್ಕೊಂಡು ದೇವ್ರ ಮುಂದ ಇಟ್ಟೀನಿ. ದೇವ್ರದು ಮರತು ಹೋದಾವ್ರು ಕೇಳ್ಕೋತ ಬಂದ ಬರ್ತಾರಂತ ಸುಮ್ಮನಿದ್ದೆ. ಯಾರೂ ಬರಲಿಲ್ಲ."

ನಮ್ಮ ವರ್ಕ್‌ಶಾಪಿನ ಒಳಬಾಗಿಲ ಮೇಲೆ ದೇವರ ಹಲಗೆಯಿತ್ತು. ಹೋಗಿ ನೋಡಿದೆ. ವೀರಭದ್ರನ ಫೋಟೋದ ಮಗ್ಗುಲಲ್ಲಿ ಗಂಟು ಕೂತಿತ್ತು. ಮುಂಜಾನೆ ಪೂಜೆ ಮಾಡುವ ಸಿಪಾಯಿ ಬಸಪ್ಪ ಯಾವ ದೇವರು ಎಂದು ಯಾರನ್ನೂ ಕೇಳಿರಲಿಲ್ಲ. ಫೋಟೋಕ್ಕೆ ಹಚ್ಚಿದಂತೆ ಅದಕ್ಕೂ ಕುಂಕುಮ ಹಚ್ಚಿ, ಮೇಲೊಂದು ಹೂವಿಟ್ಟು, ಊದಿನಕಡ್ಡಿ ಬೆಳಗಿದ್ದ. ಇಷ್ಟು ದಿನ ನಾವೆಲ್ಲ ಒಳಗೆ ಬರುವಾಗ ಕೈ ಮುಗಿದದ್ದರಲ್ಲಿ ಒಂದು ಪಾಲು ನಿಪ್ಪಾಣಿ ತಂಬಾಕಿಗೆ ಸಂದಿತ್ತು. ನಾನು ಬಾಗಿಲಿಗೆ ಆತುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ನಗು ಇಳಿದ ಮೇಲೆ ಲೆಕ್ಕ ಹಾಕಿದೆ. ಈಗಲೇ ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಜೋಶಿ ಸಾಹೇಬರ ಮೇಜಿನ ಮೇಲೆ ಈ ಗಂಟು ಇಟ್ಟರೆ ಸಾಕು, ದಸ್ತಗೀರ ಹೇಳಿದ ಇಲಿ ನಿಜ ಎಂದಾಗುತ್ತದೆ, ಅವನ ನೌಕರಿ ಉಳಿಯುತ್ತದೆ. ಆದರೆ ಗಂಟಿನ ಕಥೆ ಗೌಡರ ಕಿವಿಗೆ ಹೋಗದೆ ಇರುವುದಿಲ್ಲ. ಹಾವು ಸಾಯಬಾರದು, ಕೋಲು ಮುರಿಯಬಾರದು. ಅಂಥ ಉಪಾಯ ನನ್ನ ತಲೆಗೆ ಒಂದೂ ಹೊಳೆಯಲಿಲ್ಲ. ದಸ್ತಗೀರನಿಗೆ ಹೇಳದೆ ಇರಲು ಆಗಲಿಲ್ಲ. ಪಣಕ್ಕಿಟ್ಟದ್ದು ಅವನ ಅನ್ನ, ಅವನಿಗೆ ತಿಳಿಯಲೇಬೇಕು ಎಂದು ಹೇಳಿಬಿಟ್ಟೆ.

ಅವನು ಕೇಳಿ ಕೈ ಒರೆಸಿಕೊಂಡ.

"ಬ್ಯಾಡ್ರಿ ಅಕ್ಕಾರ. ಗಂಡಾ ಹೆಂಡತಿ ನಡುವ ಬೆಂಕಿ ಹಚ್ಚಿ, ಆ ಬೆಂಕ್ಯಾಗ ನಾ ರೊಟ್ಟಿ ಸುಟ್ಕೊಂಡ ತಿನ್ಲೇನು? ಗಂಟ ಸುಮ್ಮನ ಇದ್ದಲ್ಲಿ ಕಟ್ಟಿ ಕಳಸೂಣು. ಇನ್ನ ಮ್ಯಾಲ ಗಾಡಿಗೆ ಏನೂ ಆಗಂಗಿಲ್ಲ."

"ನಿಂದು?"

"ನಂದು ಅಲ್ಲಾ ನೋಡ್ಕೋತಾನ."

ನನಗೆ ಅವನ ಮೇಲೇ ರೇಗಿತು. "ಅಲ್ಲಾ ನೋಡ್ಕೋತಾನ, ಆದ್ರ ಜೋಶಿ ಸಾಹೇಬ್ರನ್ನ ಯಾರ ನೋಡ್ಕೋಬೇಕು?" ಎಂದು ಗದರಿದೆ. ಅವನು ಮತ್ತೆ ಪೈಪು ಎತ್ತಿಕೊಂಡ.

ಸಂಜೆಯವರೆಗೆ ಒದ್ದಾಡಿ, ತ್ರಿಶಲಾರಿಗೆ ಇನ್ನೊಮ್ಮೆ ಫೋನು ಹಚ್ಚಿದೆ. ಗಂಟು ಸಿಕ್ಕಿದೆ ಎಂದೆ. ಅದು ಎಲ್ಲಿ ಸಿಕ್ಕಿತು, ಅದನ್ನು ಯಾರು, ಏನೆಂದುಕೊಂಡು ಅಲ್ಲಿಟ್ಟರು ಎನ್ನುವುದನ್ನು ಹೇಳಿದೆ. ಅವನನ್ನು ಶನಿವಾರ ತೆಗೆಯುತ್ತಾರೆ ಎಂದೂ, ನಿಮ್ಮ ಮಾತು ಹೊರಗೆ ಹಾಕಬೇಡಿ ಎಂದು ಅವನೇ ಹೇಳಿದ್ದಾನೆ ಎಂದೂ ಹೇಳಿದೆ. ಹೀಗೆ ಮಾಡಿ, ಹಾಗೆ ಮಾಡಿ ಎಂದು ಒಂದು ಮಾತೂ ಆಡಲಿಲ್ಲ. ನಾನು ಮಾತು ಕೊಟ್ಟವಳು, ಅದಕ್ಕಿಂತ ಮುಂದೆ ಹೋಗುವ ಹಕ್ಕು ನನಗಿರಲಿಲ್ಲ. ಅವರೂ "ಹೌದನ" ಎಂದಷ್ಟೇ ಅಂದು ಫೋನಿಟ್ಟರು.

ಶನಿವಾರ ಗೌಡರು ಬಂದರು. ಹಿಂದೆ ತ್ರಿಶಲಾ ಇದ್ದರು. ಅದುವರೆಗೆ ನಾನು ಅವರ ದನಿಯನ್ನಷ್ಟೇ ಕೇಳಿದ್ದವಳು. ಗಿಡ್ಡನೆಯ ಹೆಂಗಸು, ತಲೆಯ ಮೇಲೆ ಸೆರಗು, ಚಪ್ಪಲಿಯ ಧೂಳನ್ನು ಹೊರಗೇ ಝಾಡಿಸಿ ಒಳಗೆ ಬಂದರು. ಜೋಶಿ ಸಾಹೇಬರು ದಸ್ತಗೀರನನ್ನು ಕರೆಸಿ ನಿಲ್ಲಿಸಿ, ಗೌಡರ ಕಡೆ ತಿರುಗಿ, "ಗೌಡ್ರ, ನಿಮಗ ತ್ರಾಸ ಆತು. ನಿಮ್ಮ ಮುಂದ ಈ ಮನುಷ್ಯಾನ ಲೆಕ್ಕಾ ಮುಗಸ್ತೀನಿ" ಎಂದು ಶುರುಮಾಡಿದರು.

"ಒಂದ ಸ್ವಲ್ಪ ತಡೀರಿ ಸಾಹೇಬ್ರ" ಎಂದರು ತ್ರಿಶಲಾ. "ನಿಮ್ಮ ದೇವ್ರ ಹಲಗಿ ಎಲ್ಲೈತಿ?"

ಸಾಹೇಬರಿಗೂ ಗೌಡರಿಗೂ ಏನೂ ತಿಳಿಯಲಿಲ್ಲ. ನಾನು ಬೆರಳು ತೋರಿಸಿದೆ. ಅವರು ಸ್ಟೂಲು ಎಳೆದು ಹತ್ತಿ, ಗಂಟಿನ ಮೇಲಿನ ಹೂವನ್ನು ತೆಗೆದು ವೀರಭದ್ರನ ಮುಂದಿಟ್ಟು, ಗಂಟನ್ನು ತಂದು ಗಂಡನ ಎದುರಿನ ಮೇಜಿನ ಮೇಲೆ ಬಿಚ್ಚಿದರು. ಕೋಣೆಯ ತುಂಬ ಘಾಟು ಎದ್ದಿತು. ಜೋಶಿ ಸಾಹೇಬರು ಸೀನಿದರು.

"ತಂಬಾಕ" ಎಂದರು ಗೌಡರು.

"ಹೌದು. ಗಾಡಿ ತಂದಾಗಿಂದ ಇಂಜಿನ್ ಬಾಜೂಕ ಐತಿ. ನಾ ಕಟ್ಟೀನಿ. ಅದಕ್ಕ ಇಲಿ ಬರ್ತಿದ್ದಿಲ್ಲ. ಈ ಅಣ್ಣಾ ದೇವ್ರ ಗಂಟ ಅಂತ ಕೈ ತೊಳ್ಕೊಂಡ ಎತ್ತಿಟ್ಟಾನ. ಆಮ್ಯಾಲ ಏನಂತ ಗೊತ್ತಾದ್ರೂ ನನ್ನ ಮಾತ ಹೊರಗ ಹಾಕಿಲ್ಲ. ಅಂವನ ತಪ್ಪೇನೂ ಇಲ್ಲ. ಇಲಿ ನಮ್ಮವ. ತಪ್ಪೂ ನಂದ."

ದಸ್ತಗೀರ ತಲೆ ತಗ್ಗಿಸಿ ನಿಂತಿದ್ದ. ಗೌಡರು ಆ ಎಲೆಗಳನ್ನು ನೋಡುತ್ತ ಕೂತರು. ಮುಖ ಕೆಂಪಾಗಿತ್ತು. ಇನ್ನು ಇಲ್ಲೇ ಕೂಗಾಡುತ್ತಾರೆ, ಇಲ್ಲವೆ ಎದ್ದು ಹೋಗುತ್ತಾರೆ ಎಂದುಕೊಂಡೆ.

"ಇಷ್ಟ ವರ್ಷ ನನ್ನ ಕುಂಡರಿಸ್ಕೊಂಡು ತಂಬಾಕ ಊರ ತಿರಗೈತಿ" ಎಂದರು ಕೊನೆಗೆ. "ಬಸದಿಗೂ ಹೋಗಿ ಬಂದೈತಿ."

"ಇಲಿ ಸಾಯಬಾರದಲ್ರಿ" ಎಂದರು ತ್ರಿಶಲಾ. ಕಣ್ಣು ತಗ್ಗಿಸಿರಲಿಲ್ಲ. "ವೈರೂ ಉಳೀಬೇಕು, ಇಲಿನೂ ಉಳೀಬೇಕು. ನನಗ ಇದರ ಹೊರತು ಬ್ಯಾರೆ ದಾರಿ ಕಾಣಲಿಲ್ಲ."

ಹೊರಗೆ ಯಾರೋ ಗಾಲಿಗೆ ಗಾಳಿ ಹೊಡೆಯುತ್ತಿದ್ದರು. ಗೌಡರು ತಮ್ಮೊಳಗೇ ವಾದ ಮಾಡುವವರಂತೆ ನಿಧಾನವಾಗಿ ಶುರುಮಾಡಿದರು.

"ಗೊತ್ತಿಲ್ಲದ ಆಗಿದ್ದು ಆತು, ಅದನ್ನ ಮುನಿಗಳ ಮುಂದ ಹೇಳ್ತೀನಿ. ಇನ್ನ ಗೊತ್ತಾತು. ಗೊತ್ತಿದ್ದೂ ನನ್ನ ಗಾಡ್ಯಾಗ ಇಟ್ಕೊಂಡ್ರ ನೇಮಾ ಮುರೀತು. ತಗದ್ರ ಇಲಿ ಬಿಡಂಗಿಲ್ಲ." ಸ್ವಲ್ಪ ತಡೆದು ಜೋಶಿ ಸಾಹೇಬರನ್ನು ಕೇಳಿದರು: "ಸಾಹೇಬ್ರ, ನಾ ಬಸ್ಸಿನಾಗ ಹೊಂಟೀನಿ ಅನ್ರಿ. ಬಾಜೂಕ ಕುಂತಾಂವನ ಕಿಸೇದಾಗ ತಂಬಾಕ ಐತಿ. ನನ್ನ ನೇಮಾ ಮುರೀತೈತೇನು?"

"ಛೇ, ಹೆಂಗ ಮುರೀತೈತ್ರಿ? ಅದು ಅಂವಂದು" ಎಂದರು ಜೋಶಿ ಸಾಹೇಬರು, ಮೂಗು ಒರೆಸಿಕೊಳ್ಳುತ್ತ.

"ಹಂಗಾರ ಮುಗೀತು. ನೇಮಾ ನಂದು, ಅಕಿದಲ್ಲ. ಗಾಡಿ ಅಕಿ ಹೆಸರಿಗೆ ಮಾಡ್ತೀನಿ. ಅಕಿ ಹೊಡೀಲಿ, ಅಕಿ ಏನ ಬೇಕಾದ್ದು ಕಟ್ಟಲಿ. ನಾ ಬಾಜೂಕ ಕೂಡಾಂವ."

ತ್ರಿಶಲಾ ಬಾಯಿಗೆ ಸೆರಗು ಒತ್ತಿಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ. ಗೌಡರು ಎದ್ದು ದಸ್ತಗೀರನ ಹತ್ತಿರ ಹೋದರು. ನೀರಿನಲ್ಲಿ ನೆನೆದು ಬಿಳಿಚಿದ್ದ ಅವನ ಕೈಯನ್ನು ನೋಡಿದರು.

"ಇದರೊಳಗ ಏನೈತಂತ ಗೊತ್ತಾದ ಮ್ಯಾಲ ನಮ್ಮ ಮುಂದ ಬಾಯಿ ಯಾಕ ಬಿಡಲಿಲ್ಲ?"

"ನಿಮ್ಮ ಮನಿ ಮಾತಲ್ರಿ ಗೌಡ್ರ" ಎಂದ ದಸ್ತಗೀರ.

ಗೌಡರು ಜೋಶಿ ಸಾಹೇಬರ ಕಡೆ ತಿರುಗಿದರು. "ಈ ಮನುಷ್ಯಾನ್ನ ತೆಗೆಯಾಂವ್ರ ಇದ್ರ, ನನಗ ಮೊದಲ ಹೇಳ್ರಿ. ನಾ ಬೇಡಕಿಹಾಳದಾಗ ಒಂದ ಗ್ಯಾರೇಜ ಹಾಕಿ ಕೊಡ್ತೀನಿ ಅಂವಗ."

ಜೋಶಿ ಸಾಹೇಬರು ಗೋಡೆಯ ಮೇಲಿನ ನಿಯಮವನ್ನೊಮ್ಮೆ ನೋಡಿದರು. "ಇಲಿ ಕಡದಿದ್ದು ರಿಪೇರಿ ತಪ್ಪು ಅಲ್ಲ. ಹಂಗಾಗಿ ಇದು ತಿರುಗಿ ಬಂದ ಕೇಸೇ ಅಲ್ಲ" ಎಂದು ಒಂದು ಸಂದಿ ಹುಡುಕಿಕೊಂಡರು. ಮೇಲಿನವರಿಗೂ ಹಾಗೆಯೇ ಬರೆದರು. ಅವರಿಗೆ ಅಷ್ಟು ಧೈರ್ಯ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಧ್ಯಾಹ್ನದ ಹೊತ್ತಿಗೆ ದಸ್ತಗೀರ ಪ್ಯಾಂಟಿನ ಮಡಿಕೆ ಇಳಿಸಿಕೊಂಡು ಒಂದು ಗೇರ್‌ಬಾಕ್ಸಿನ ಅಡಿಯಲ್ಲಿ ಮಲಗಿದ್ದ. ಬಸಪ್ಪ ಮಾತ್ರ ಒಂದು ವಾರ ಯಾರ ಮುಖವನ್ನೂ ನೋಡಲಿಲ್ಲ.

ತ್ರಿಶಲಾ ಮೊದಲೇ ಸ್ಕೂಟಿಯಲ್ಲಿ ಹೊಲಕ್ಕೆ ಹೋಗಿ ಬರುತ್ತಿದ್ದವರು, ಕಾರು ಕಲಿಯಲು ಬಹಳ ದಿನ ಹಿಡಿಯಲಿಲ್ಲ. ಈ ಸುದ್ದಿ ಕೇಳಿ ಸಂಕಟಪಟ್ಟವನು ದಸ್ತಗೀರ ಒಬ್ಬನೇ. "ಹೊಸಾ ಕ್ಲಚ್ ಐತ್ರಿ ಅಕ್ಕಾರ, ಕಲಿಯಾವ್ರ ಕಾಲಿಗೆ ಸಿಕ್ಕು ಏನ ಆಗ್ತೈತೋ" ಎಂದು ಗೊಣಗುತ್ತಿದ್ದ.

ನಿವೃತ್ತಿಗೆ ಮುಂಚೆ ಆ ಗಾಡಿ ಇನ್ನೊಮ್ಮೆ ಸರ್ವಿಸಿಗೆ ಬಂದು ಹೋಯಿತು. ಮೂರನೇ ದಿನ ನಾನು ಫೋನು ಹಚ್ಚಿದೆ. ಎತ್ತಿದವರು ತ್ರಿಶಲಾ. ಹೊಸ ತಕರಾರು ಏನಾದರೂ ಇದೆಯೇ ಎಂದು ಕೇಳಿದೆ.

"ಒಂದ ಐತಿ ನೋಡಕ್ಕ" ಎಂದರು. "ನಾ ಹೊಡಿಯೂಮುಂದ ಇವ್ರು ಬಾಜೂಕ ಕೂಡ್ತಾರ. ದಾರ್ಯಾಗ ಒಂದ ಎಮ್ಮಿ ಕಂಡ್ರ ಸಾಕು, ಎರಡೂ ಕಾಲಲೆ ನೆಲಾ ತುಳೀತಾರ. ಬ್ರೇಕ್ ನನ್ನ ಕಡೆ ಐತ್ರಿ ಅಂದ್ರ ಕೇಳಂಗಿಲ್ಲ. ತುಳದ ತುಳದ ಆ ಕಡೆ ಮ್ಯಾಟ್ ಹರದೈತಿ."

ನಾನು ನಗುತ್ತಿರುವಾಗಲೇ ಹಿಂದಿನಿಂದ ಗೌಡರ ದನಿ ಕೇಳಿಸಿತು:

"ಹೊಸಾ ಮ್ಯಾಟ್ ಹಾಕಂತ ಹೇಳ ಅವ್ರಿಗೆ. ದಸ್ತಗೀರನ ಕೈಲೇ ಹಾಕಸಂತ ಹೇಳ. ಬ್ಯಾರೇದಾವ್ರು ಯಾರೂ ನಮ್ಮ ಗಾಡಿ ಮುಟ್ಟಬಾರದು."